ನ್ಯೂಜೆರ್ಸಿಯ ಆಸ್ತಿ ತೆರಿಗೆ ಮತ್ತು ಸಂವಿಧಾನ ಸಮಾವೇಶದ ಪ್ರಸ್ತಾವ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಶಾಲೆ, ಪುರಸಭೆ ಮತ್ತು ಕೌಂಟಿ ಎಂಬ ಜಿಲ್ಲಾಡಳಿತದ ವೆಚ್ಚದ ದೊಡ್ಡ ಪಾಲನ್ನು ಭರಿಸುವುದು ಮನೆ, ಜಮೀನುಗಳ ಮೇಲಿನ ಆಸ್ತಿ ತೆರಿಗೆಯೇ. ಸ್ಥಳೀಯ ಸಂಸ್ಥೆಗೆ ಬೇಕಾದ ಮೊತ್ತವನ್ನು ಊರಿನ ಒಟ್ಟು ಆಸ್ತಿ ಮೌಲ್ಯದಿಂದ ಭಾಗಿಸಿ ದರ ನಿಗದಿಪಡಿಸುವುದರಿಂದ, ಕಾರ್ಖಾನೆಗಳಾಗಲಿ ವಾಣಿಜ್ಯ ಕಟ್ಟಡಗಳಾಗಲಿ ಇಲ್ಲದ ಬಡ ಊರಿನಲ್ಲಿ ದರ ಏರುತ್ತದೆ. ತೆರಿಗೆ ಆದಾಯವನ್ನು ನೋಡದೆ ಮನೆಯ ಬೆಲೆಯನ್ನಷ್ಟೇ ನೋಡುವುದರಿಂದ ಪಿಂಚಣಿಯನ್ನೇ ನಂಬಿದ ವೃದ್ಧರು ಶಕ್ತಿ ಮೀರಿ ತೆರಬೇಕಾಗುತ್ತದೆ. ಜನರಿಂದ ಆಯ್ಕೆಯಾದ ಪ್ರತಿನಿಧಿಗಳು ಸೇರಿ ರಾಜ್ಯದ ಮೂಲ ಕಾನೂನನ್ನು ತಿದ್ದುವ ಸಂವಿಧಾನ ಸಮಾವೇಶಕ್ಕೆ ಈ ಸಮಸ್ಯೆಯನ್ನು ಒಪ್ಪಿಸಬಹುದೇ ಎಂದು ಪರಿಶೀಲಿಸಲು 2004ರಲ್ಲಿ ರಚನೆಯಾದ ಕಾರ್ಯಪಡೆ, ಸಮಾವೇಶ ಕರೆಯುವಂತೆ ಶಿಫಾರಸು ಮಾಡಿತು.

ಈ ಶಿಫಾರಸಿಗೆ ಗಟ್ಟಿಯಾದ ಆಧಾರಗಳಿದ್ದವು. ಆಸ್ತಿ ತೆರಿಗೆಯನ್ನೇ ನೆಚ್ಚಿದ ಶಾಲಾ ಅನುದಾನ ವ್ಯವಸ್ಥೆ ಸಂವಿಧಾನಬಾಹಿರವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1973ರ ರಾಬಿನ್ಸನ್ ಪ್ರಕರಣದಲ್ಲಿ ತೀರ್ಪಿತ್ತ ಮೇಲೂ ಶಾಸನಸಭೆ ಮೀನಮೇಷ ಎಣಿಸಿತು. 1976ರ ಜುಲೈನಲ್ಲಿ ನ್ಯಾಯಾಲಯದ ಆದೇಶದಿಂದ ಶಾಲೆಗಳು ಮುಚ್ಚಿದ ಬಳಿಕವೇ ರಾಜ್ಯ ಆದಾಯ ತೆರಿಗೆ ಜಾರಿಗೆ ಬಂದಿತು. ಮರುಚುನಾವಣೆಯ ಭಯವಿಲ್ಲದ ಪ್ರತಿನಿಧಿಗಳಿಗೆ ಇಂತಹ ನಿರ್ಧಾರ ಸುಲಭವಾದೀತು. ಸಮಾವೇಶ ತನ್ನ ಎಲ್ಲೆ ಮೀರೀತೆಂಬ ಆತಂಕಕ್ಕೂ ಇತಿಹಾಸದಲ್ಲಿ ಉತ್ತರವಿದೆ: ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ನಡೆದ 1947ರ ಸಮಾವೇಶ, ಶಾಸನಸಭಾ ಸ್ಥಾನಹಂಚಿಕೆಯನ್ನು ಮುಟ್ಟಬಾರದೆಂಬ ನಿರ್ಬಂಧವನ್ನು ಪಾಲಿಸಿಯೇ ನ್ಯಾಯಾಂಗವನ್ನು ಪುನರ್ರಚಿಸಿತು, ಮತದಾರರು ಅದನ್ನು ಅನುಮೋದಿಸಿದರು.

ಆದರೆ ಸಂವಿಧಾನ ತಿದ್ದುಪಡಿಯೊಂದರಿಂದಲೇ ಹೊರೆ ಇಳಿಯುವುದಿಲ್ಲ. ಆದಾಯ ತೆರಿಗೆಯ ಹಣವನ್ನು ಆಸ್ತಿ ತೆರಿಗೆಯ ಹೊರೆ ತಗ್ಗಿಸಲು ಮಾತ್ರ ಬಳಸಬೇಕೆಂಬ ವಿಧಿ 1976ರಲ್ಲೇ ಸಂವಿಧಾನ ಸೇರಿದರೂ, ಈ ರಾಜ್ಯದ ಆಸ್ತಿ ತೆರಿಗೆ ದೇಶದಲ್ಲೇ ಅತಿ ಭಾರವಾದುದಾಗಿ ಉಳಿಯಿತು. 500ಕ್ಕೂ ಹೆಚ್ಚು ಪುರಸಭೆಗಳು ಮತ್ತು ಹೆಚ್ಚುಕಡಿಮೆ ಅಷ್ಟೇ ಶಾಲಾ ಮಂಡಲಗಳು ಪ್ರತ್ಯೇಕ ಆಡಳಿತ ನಡೆಸುವ ವೆಚ್ಚವನ್ನು ಆ ವಿಧಿ ಮುಟ್ಟಲೇ ಇಲ್ಲ. ತೆರಿಗೆಯನ್ನು ಶೇ. 1ಕ್ಕೂ ಮೌಲ್ಯಮಾಪನದ ವಾರ್ಷಿಕ ಏರಿಕೆಯನ್ನು ಶೇ. 2ಕ್ಕೂ ಮಿತಿಗೊಳಿಸಿದ ಕ್ಯಾಲಿಫೋರ್ನಿಯಾದ 1978ರ 13ನೆಯ ಪ್ರಸ್ತಾವವಂತೂ, ಒಂದೇ ಬೆಲೆಯ ಅಕ್ಕಪಕ್ಕದ ಮನೆಗಳಲ್ಲಿ ಹೊಸ ಮಾಲೀಕರು ಹಳಬರಿಗಿಂತ ಹಲವು ಪಟ್ಟು ತೆರುವ ಹೊಸ ಅನ್ಯಾಯವನ್ನು ಹುಟ್ಟುಹಾಕಿತು.

ನ್ಯೂಜೆರ್ಸಿಯಲ್ಲಿ ಸಮಾವೇಶ ಸೇರಲೇ ಇಲ್ಲ. ಶಾಸನಸಭೆ ವಾರ್ಷಿಕ ಏರಿಕೆಗೆ 2007ರಲ್ಲಿ ಶೇ. 4ರ, 2010ರಲ್ಲಿ ಶೇ. 2ರ ಮಿತಿ ಹಾಕಿತು. ಈ ಮಿತಿ ಏರಿಕೆಯ ವೇಗವನ್ನು ತಗ್ಗಿಸುತ್ತದೆಯೇ ಹೊರತು ಯಾರು ಎಷ್ಟು ಹೊರಬೇಕೆಂಬ ಪ್ರಶ್ನೆಯನ್ನು ಬಗೆಹರಿಸುವುದಿಲ್ಲವಾದ್ದರಿಂದ ಸಮಾವೇಶದ ಪ್ರಸ್ತಾವ ಇಂದಿಗೂ ಪರಿಶೀಲನಾರ್ಹವಾಗಿದೆ. ಆದರೆ ತೆರಿಗೆಯ ಜೊತೆಗೆ ಶಾಲಾ ಅನುದಾನವನ್ನೂ ಆಡಳಿತ ಘಟಕಗಳ ವಿಲೀನವನ್ನೂ ಚರ್ಚಿಸುವ ಅಧಿಕಾರ ಅದಕ್ಕಿರಬೇಕು. ಇಲ್ಲವಾದರೆ ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುವುದೇ ಸುಧಾರಣೆ ಎನಿಸಿಕೊಳ್ಳುತ್ತದೆ.