ಬತ್ತದ ಇಳುವರಿಯ ಲೆಕ್ಕ: ಒಂದು ವಿಮರ್ಶೆ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ಹೊಲದ ಬೆಳೆಗಳೆಂದರೆ ರಾಗಿ, ಶೇಂಗಾ ಮೊದಲಾದುವು. ಬತ್ತವಾದರೋ ಕೆರೆ ಬಾವಿಗಳನ್ನು ನಂಬಿದ ಬೆಳೆ. ತೂಬಿನ ಬಳಿಯ ಗದ್ದೆಗೂ ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರಿನ ಪಾಲು ಒಂದೇ ಅಲ್ಲ. ಆದುದರಿಂದ ಇಲ್ಲಿನ ಇಳುವರಿಯ ಅಂಕಿಯನ್ನು ಕಂಡಾಗ, ಅದು ಯಾವ ಗದ್ದೆಯದೆಂದು ಮೊದಲು ಕೇಳಬೇಕು.

1800ರಲ್ಲಿ ಸಿರಾ, ಮಧುಗಿರಿಗಳನ್ನು ಸಂದರ್ಶಿಸಿದ ಫ್ರಾನ್ಸಿಸ್ ಬುಕನನ್ನನ ಪ್ರವಾಸಕಥನವು 1807ರಲ್ಲಿ ಪ್ರಕಟವಾಯಿತು. ಬೀಜವೆಷ್ಟು, ಫಲವೆಷ್ಟು ಎಂದು ವಿಚಾರಿಸಿ ಬರೆದಿಟ್ಟದ್ದು ಅವನ ಹಿರಿಮೆ. ಆದರೆ ಆ ಕಾಲದಲ್ಲಿ ಗದ್ದೆಯನ್ನು ಅಳೆಯುತ್ತಿದ್ದುದು ಬಿತ್ತುವ ಬೀಜದ ಖಂಡುಗ ಕೊಳಗಗಳಿಂದ. ಅವು ಊರಿಂದೂರಿಗೆ ಬೇರೆಯಾಗುತ್ತಿದ್ದುವು. ಕಂದಾಯದ ಭಯವಿದ್ದ ರೈತನು ಅಧಿಕಾರಿಗೆ ಹೇಳಿದ ಮಾತನ್ನು ತೂಕದ ಅಂಕಿಯೆಂದು ಸ್ವೀಕರಿಸಲಾಗದು.

ಇಂದಿನ ಬೆಳೆ ಕಟಾವು ಪ್ರಯೋಗವು ಈ ದೋಷವನ್ನು ಬಹುಮಟ್ಟಿಗೆ ನೀಗಿದೆ. ಯಾದೃಚ್ಛಿಕವಾಗಿ ಆಯ್ದ ಗದ್ದೆಯಲ್ಲಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡನ್ನು ಕೊಯ್ದು ತೂಗುತ್ತಾರೆ. ಆ 25 ಚದರ ಮೀಟರಿನ ಫಲವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಲೆಕ್ಕದಲ್ಲಿ 40 ಕಿಲೋಗ್ರಾಂ ತಪ್ಪುತ್ತದೆ. ಕಾಳಿನ ತೇವವನ್ನು ಗಣಿಸದಿದ್ದರೂ ಹಾಗೆಯೇ.

ಇದು ಕೇವಲ ಗಣಿತದ ಮಾತಲ್ಲ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿಯ ನಷ್ಟಕ್ಕೆ ಪರಿಹಾರವು ಬಹುಮಟ್ಟಿಗೆ ಈ ಅಂಕಿಯನ್ನು ಆಶ್ರಯಿಸಿದೆ. ನಮ್ಮ ರಾಜ್ಯದಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯತಿಯೂ ಇತರ ಬೆಳೆಗೆ ಹೋಬಳಿಯೂ ಘಟಕ. ಘಟಕದ ಸರಾಸರಿ ಚೆನ್ನಾಗಿದ್ದರೆ, ಕೊನೆಯ ಗದ್ದೆಯವನ ಬತ್ತ ಒಣಗಿದರೂ ಆ ಲೆಕ್ಕದಲ್ಲಿ ಅವನಿಗೆ ನಷ್ಟವಿಲ್ಲ!

ಗದ್ದೆಯ ಭಾಗಭಾಗಕ್ಕೂ ನೀರು ಗೊಬ್ಬರಗಳನ್ನು ಅಳೆದು ಕೊಡುವ ನಿಖರ ಕೃಷಿಯನ್ನು ಇಂದು ಹೊಗಳುತ್ತಿದ್ದೇವೆ. ಸರಾಸರಿಗಾಗಿ ಹುಟ್ಟಿದ ಅಂಕಿಯು ಆ ಕೆಲಸಕ್ಕೆ ಒದಗದು. ಕೊಯ್ಲುಯಂತ್ರಕ್ಕೆ ಇಳುವರಿಮಾಪಕವನ್ನು ಜೋಡಿಸಿ ಉಪಗ್ರಹದ ನೆರವಿನಿಂದ ಸ್ಥಳವನ್ನು ಗುರುತಿಸುವ ಕ್ರಮವು ವಿಶಾಲ ಕ್ಷೇತ್ರಗಳಿಗೆ ಹೊಂದುತ್ತದೆ. ನಮ್ಮ ಕಿರಿಯ ಮಡಿಗಳಿಗೆ ಸುಲಭವಲ್ಲ. ಇಲ್ಲಿ ಮೊದಲು ಬೇಕಾದುದು ಯಂತ್ರವಲ್ಲ, ಕ್ರಮವಾದ ದಾಖಲೆ: ಸರ್ವೆ ನಂಬರು, ತಳಿ, ನಾಟಿಯ ದಿನ, ನೀರಿನ ಮೂಲ, ತೂಬಿನಿಂದಿರುವ ದೂರ, ತೂಗಿದಾಗಿನ ತೇವ. ಇವು ವರ್ಷವರ್ಷವೂ ಅದೇ ಗದ್ದೆಯ ಹೆಸರಿನಲ್ಲಿ ಸೇರಬೇಕು. ಆ ಪುಸ್ತಕವು ರೈತನ ಕೈಗೂ ದೊರೆಯಬೇಕು.

ಅಂಕಿಯೂ ಶಾಸನದಂತೆ ಒಂದು ಆಧಾರವೇ. ಯಾರು, ಎಲ್ಲಿ, ಯಾವ ಉದ್ದೇಶದಿಂದ ಬರೆದರೆಂಬುದನ್ನು ವಿಚಾರಿಸದೆ ಅದನ್ನು ಪ್ರಮಾಣವೆಂದು ಒಪ್ಪುವುದು ಇತಿಹಾಸಕ್ಕೂ ಸಲ್ಲದು, ಬೇಸಾಯಕ್ಕೂ ಸಲ್ಲದು.