ಬೆನ್ನು ನೆಲಕ್ಕೆ ತಾಗಿದ ಮೇಲೆ

ಮೈಸೂರಿನ ಹಳೆಯ ಬೀದಿಗಳಲ್ಲಿ ಇಂದಿಗೂ ಉಳಿದುಬಂದಿರುವ ಗರಡಿಮನೆಗಳಲ್ಲೊಂದಕ್ಕೆ ಬೆಳಗಿನ ಜಾವ ತಲೆಬಾಗಿ ಒಳಹೊಕ್ಕು, ಎಣ್ಣೆ ಅರಿಸಿನ ಕುಂಕುಮಗಳನ್ನು ಕಲಸಿ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿಯ ಮೇಲೆ ಇಬ್ಬರು ಹುಡುಗರು ಹೆಣಗುವುದನ್ನು ಒಂದು ಗಳಿಗೆ ನಿಂತು ನೋಡಿದವರಿಗೆ, ಆತ್ಮರಕ್ಷಣೆಯೆಂಬ ಹೆಸರಿನಲ್ಲಿ ನಗರಗಳಲ್ಲಿ ಈಗ ಕಲಿಸಲ್ಪಡುವ ಎಷ್ಟೋ ಪದ್ಧತಿಗಳ ಕೊರತೆ ತಾನಾಗಿಯೇ ಹೊಳೆಯುತ್ತದೆ. ಆ ತರಗತಿಗಳಲ್ಲಿ ಎದುರಾಳಿಯಾಗಿ ನಿಂತವನು ಕಲಿಯುವವನ ಅನುಕೂಲವರಿತು ಕೈಚಾಚುತ್ತಾನೆ, ತಿರುಚಿದೊಡನೆ ಉರುಳುತ್ತಾನೆ. ಮಟ್ಟಿಯಲ್ಲಿ ಅಂಥ ಔದಾರ್ಯಕ್ಕೆ ಎಡೆಯಿಲ್ಲ. ಹಾಕಿದ ಪಟ್ಟನ್ನು ಎದುರಾಳಿ ಬಿಡಿಸಿಕೊಳ್ಳುತ್ತಾನೆ, ಬಿಡಿಸಿಕೊಳ್ಳುವಾಗಲೇ ಮರುಪಟ್ಟನ್ನು ಹಾಕುತ್ತಾನೆ. ಮಣಿಯಲೊಲ್ಲದ ಇನ್ನೊಂದು ದೇಹದ ಭಾರ, ಬೆವರು, ಏದುಸಿರುಗಳ ನಿತ್ಯಪರಿಚಯದಿಂದ ಹುಟ್ಟುವ ಸ್ಥೈರ್ಯವೇ ಈ ವಿದ್ಯೆಯ ಮೊದಲ ಫಲವೆಂದು ನಾನು ಎಣಿಸುತ್ತೇನೆ. ಜಪಾನಿನಲ್ಲಿ ಕಾನೊ ಜಿಗೊರೊ 1882ರಲ್ಲಿ ಕೊಡೊಕಾನನ್ನು ಸ್ಥಾಪಿಸಿ, ಅಪಾಯಕರವಾದ ವರಸೆಗಳನ್ನು ಬೇರೆ ಮಾಡಿ, ಪೂರ್ಣ ಬಲದಿಂದ ಪರಸ್ಪರ ಎದುರಿಸುವ ಅಭ್ಯಾಸಕ್ಕೆ ಜೂಡೊವಿನಲ್ಲಿ ಪ್ರಧಾನಸ್ಥಾನ ಕೊಟ್ಟದ್ದೂ ಈ ತತ್ತ್ವವನ್ನೇ ನಂಬಿ.

ಗರಡಿಯ ಬಲಸಾಧನೆಯೂ ಇದೇ ಉದ್ದೇಶಕ್ಕೆ ಅಧೀನವಾದದ್ದು. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃವಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಅಂಗಸೌಷ್ಠವವನ್ನು ಶಿಲ್ಪಿಯ ಕಣ್ಣಿನಿಂದ ಕಂಡು ಬೆಳಸಿದರು. ಆ ಸಾಧನೆಯ ಬಗ್ಗೆ ನನಗೆ ಗೌರವವುಂಟು. ಆದರೆ ನೋಡುವ ಕಣ್ಣಿಗಾಗಿ ರೂಪುಗೊಂಡ ಸ್ನಾಯುವಿಗೂ ಹಿಡಿದ ಕೈಯನ್ನು ಕೊಡಹುವುದಕ್ಕಾಗಿ ರೂಪುಗೊಂಡ ಸ್ನಾಯುವಿಗೂ ವ್ಯತ್ಯಾಸವಿದೆ. ಗದೆಯನ್ನೇ ತೆಗೆದುಕೊಳ್ಳಿ: ಅದರ ಭಾರವೆಲ್ಲ ಉದ್ದನೆಯ ಕೋಲಿನ ತುದಿಯಲ್ಲಿರುವುದರಿಂದ, ಬೆನ್ನ ಹಿಂದೆ ಬೀಸಿ ಮುಂದಕ್ಕೆ ತರುವಾಗ ಮುಷ್ಟಿ, ಭುಜ, ಸೊಂಟ, ಪಾದಗಳು ಒಂದೇ ಸರಪಣಿಯ ಕೊಂಡಿಗಳಂತೆ ಒಟ್ಟಿಗೆ ದುಡಿಯಲೇಬೇಕು, ಒಂದು ಕೊಂಡಿ ಸಡಿಲವಾದರೂ ಗದೆ ತಿರುಗಿಸುವವನನ್ನೇ ಎಳೆದುಕೊಂಡು ಹೋಗುತ್ತದೆ. ದಂಡ ಹೊಡೆಯುವಾಗ ಎದೆ ನೆಲವನ್ನು ಸವರಿ ಮೇಲೇಳುವ ಬಾಗು, ಮೈಮೇಲೆ ಬಿದ್ದವನ ಅಡಿಯಿಂದ ಏಳುವಾಗ ಬೇಕಾಗುವ ಬಾಗೇ ಆಗಿದೆ. ಬಸ್ಕಿಯ ಮಾತನ್ನು ಹೇಳಬೇಕಾಗಿಲ್ಲ. ಸಾಮಿಗೆ ಮೊದಲು ಗುದ್ದಲಿ ಹಿಡಿದು ಮಟ್ಟಿಯನ್ನು ಅಗೆದು ಮಗುಚುವ ಕೆಲಸವೊಂದುಂಟಷ್ಟೆ. ಬೆನ್ನಿಗೂ ಹಿಡಿತಕ್ಕೂ ಅದಕ್ಕಿಂತ ಮೇಲಾದ ವ್ಯಾಯಾಮವನ್ನು ನಾನು ಕಂಡಿಲ್ಲ.

ಇಷ್ಟು ಮೆಚ್ಚಿದ ಮೇಲೆ, ಈ ವಿದ್ಯೆಯನ್ನು ಬೀದಿಯ ಆಪತ್ತಿಗೆ ಒರೆಹಚ್ಚುವಾಗ ಎದ್ದುಕಾಣುವ ಒಂದು ದೋಷವನ್ನು ಮರೆಮಾಚುವುದು ಪ್ರಾಮಾಣಿಕವಾಗದು. ಕುಸ್ತಿಯ ನಿಯಮದಲ್ಲಿ ಎರಡು ಭುಜಗಳೂ ನೆಲಕ್ಕೆ ತಾಗಿದರೆ ಚಿತ್ತಾದಂತೆ. ಆಟ ಅಲ್ಲಿಗೆ ಮುಗಿಯಿತು. ಈ ಒಂದು ನಿಯಮದ ಭಯದಿಂದ, ಕೆಳಗೆ ಬಿದ್ದ ಪೈಲ್ವಾನನು ಬೋರಲಾಗಿ ಮಲಗಿ, ಮೊಣಕೈಗಳನ್ನು ಮಣ್ಣಿಗೊತ್ತಿ, ಬೆನ್ನನ್ನು ಎದುರಾಳಿಗೆ ಒಪ್ಪಿಸಿ ಭುಜಗಳನ್ನು ಕಾಯ್ದುಕೊಳ್ಳುವ ಅಭ್ಯಾಸವನ್ನು ಮೈಗೂಡಿಸಿಕೊಳ್ಳುತ್ತಾನೆ. ಮಟ್ಟಿಯಲ್ಲಿ ಇದು ವಿವೇಕ. ಒದೆಯುವುದಕ್ಕೂ ಕಲ್ಲೆತ್ತಿ ಹಾಕುವುದಕ್ಕೂ ಹೇಸದ ದುಷ್ಟನ ಮುಂದೆ ಇದೇ ಮಹಾ ಪ್ರಮಾದ. ಕೊಡೊಕಾನಿನ ಶಿಷ್ಯನಾದ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲಿಗೆ ಹೋಗಿ ಬಿತ್ತಿದ ವಿದ್ಯೆ ಗ್ರೇಸಿ ಮನೆತನದವರ ಕೈಯಲ್ಲಿ ಬೆಳೆದಾಗ, ಅದು ಈ ನಿಯಮವನ್ನೇ ತಲೆಕೆಳಗು ಮಾಡಿತು: ಬೆನ್ನ ಮೇಲೆ ಬಿದ್ದವನು ಸೋತವನಲ್ಲವೆಂದು ಭಾವಿಸಿ, ಎರಡು ಕಾಲುಗಳಿಂದ ಎದುರಾಳಿಯ ನಡುವನ್ನು ಬಿಗಿದು, ಕೆಳಗಿನಿಂದಲೇ ಅವನ ತೋಳನ್ನೂ ಕೊರಳನ್ನೂ ಸೆರೆಹಿಡಿಯುವುದನ್ನು ಕಲಿಸಿತು. ಮೈಬಲ ಕಡಿಮೆಯಾದವರಿಗೆ ಇದೊಂದು ದೊಡ್ಡ ವರ. ಆದರೆ ಕಠಿಣವಾದ ರಸ್ತೆಯ ಮೇಲೆ, ಎರಡನೆಯವನೊಬ್ಬನು ಪಕ್ಕದಲ್ಲಿ ನಿಂತಿರುವಾಗ, ನೆಲಹಿಡಿದು ಕಾದಾಡುವುದೂ ಕ್ಷೇಮವಲ್ಲ. ಬೀಳಲೇಬಾರದೆಂಬ ಗರಡಿಯ ಹಟಕ್ಕೆ ಅಲ್ಲಿ ಬೆಲೆಯುಂಟು. ಆ ಹಟವನ್ನು ಉಳಿಸಿಕೊಂಡು, ಬಿದ್ದ ಮೇಲೆ ಬೆನ್ನ ಮೇಲಿದ್ದೇ ಮುಖವನ್ನು ಕಾದು, ಎಡೆ ಮಾಡಿಕೊಂಡು ಏಳುವ ಪಾಠವನ್ನು ಉಸ್ತಾದರು ಇದಕ್ಕೆ ಜೋಡಿಸಬೇಕೆಂಬುದೇ ನನ್ನ ಆಗ್ರಹ.

ಹಾಗೆ ಜೋಡಿಸುವುದು ಸಂಪ್ರದಾಯಭಂಗವೆಂದು ಯಾರೂ ಅಳುಕಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವನ್ನು ಶಾಸ್ತ್ರವಾಗಿ ವಿವರಿಸಿದ್ದಾನೆ. ವಿಜಯದಶಮಿಯಂದು ಮೈಸೂರಿನ ಅರಮನೆಯಲ್ಲಿ ಜಟ್ಟಿಗಳು ಮುಷ್ಟಿಗೆ ವಜ್ರನಖವನ್ನು ತೊಟ್ಟು, ತಲೆಯಿಂದ ನೆತ್ತರು ಚಿಮ್ಮುವವರೆಗೆ ಕಾದುವ ವಜ್ರಮುಷ್ಟಿ ಕಾಳಗದಲ್ಲಿ ಹಿಡಿತವೂ ಹೊಡೆತವೂ ಒಂದಾಗಿಯೇ ಇವೆ. ಹೊಡೆತವನ್ನು ತೊರೆದದ್ದು ಆಟವಾಗಿ ಬೆಳೆದ ಕುಸ್ತಿ. ನಮ್ಮ ಮಲ್ಲವಿದ್ಯೆಗೆ ಹೊಡೆತ ಅಪರಿಚಿತವಾಗಿರಲಿಲ್ಲ. ಹೊಡೆತಕ್ಕೆ ತಲೆಯನ್ನು ತಪ್ಪಿಸಿ ಒಳನುಗ್ಗಿ ಹಿಡಿಯುವ ಅಭ್ಯಾಸವೊಂದನ್ನು ಮರಳಿ ತಂದರೂ ಸಾಕು.

ಹಿಡಿತಕ್ಕೆ ಇನ್ನೊಂದು ಹಿರಿಮೆಯೂ ಉಂಟು. ಖಾಸಗಿ ರಕ್ಷಣೆಯ ಹಕ್ಕು ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚು ಹಾನಿಯನ್ನು ಮಾಡುವಷ್ಟು ವ್ಯಾಪಿಸದೆಂದು 1860ರ ದಂಡಸಂಹಿತೆಯ 99ನೆಯ ಕಲಮು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಆ ತತ್ತ್ವ ಉಳಿದಿದೆ. ಗುದ್ದಿದವನಿಗೆ ಗುದ್ದಿನ ಪರಿಣಾಮದ ಮೇಲೆ ಹತೋಟಿಯಿಲ್ಲ. ಹಿಡಿದವನು ಬಿಗಿಯಬಲ್ಲ, ಸಡಿಲಿಸಬಲ್ಲ, ಎದುರಾಳಿ ಶಾಂತನಾದರೆ ಬಿಡಬಲ್ಲ.

ಈ ವಿದ್ಯೆಯ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರಿಗೇ ಗರಡಿಯ ಬಾಗಿಲು ತಲೆಮಾರುಗಳಿಂದ ಮುಚ್ಚಿತ್ತೆಂಬುದು ನನ್ನನ್ನು ಬಹುವಾಗಿ ನೋಯಿಸುತ್ತದೆ. 2016ರ ರಿಯೊ ಒಲಿಂಪಿಕ್ಸಿನಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕ ಗೆದ್ದ ಮೇಲೆಯೂ, ಮಟ್ಟಿಗೆ ಹೆಣ್ಣು ಕಾಲಿಡಬಾರದೆಂಬ ಮಾತು ಕೆಲವೆಡೆ ಉಳಿದಿದೆ. ಮುಂಗೈ ಹಿಡಿದವನ ಹೆಬ್ಬೆರಳಿನ ಕಡೆಗೆ ಕೈಯನ್ನು ತಿರುಗಿಸಿ ಬಿಡಿಸಿಕೊಳ್ಳುವುದು, ಹಿಂದಿನಿಂದ ಅಪ್ಪಿದವನ ತೋಳಿನೊಳಗೆ ಸೊಂಟವನ್ನು ತಗ್ಗಿಸಿ ಭಾರವಾಗುವುದು, ಇವು ಗರಡಿಯ ಪ್ರಾಥಮಿಕ ಪಾಠಗಳು. ಹತ್ತು ವರ್ಷದ ಹುಡುಗಿ ತನಗಿಂತ ಭಾರವಾದ ಜೊತೆಗಾತಿಯೊಡನೆ ದಿನವೂ ಅರ್ಧ ಗಂಟೆ ಹೆಣಗಿ ಇವನ್ನು ಕಲಿಯುವುದಕ್ಕೆ ಬೇಕಾದ ಮಣ್ಣು, ಗದೆ, ಉಸ್ತಾದರು ಎಲ್ಲರೂ ಆ ಬೀದಿಗಳಲ್ಲಿ ಈಗಾಗಲೇ ಇದ್ದಾರೆ.