ಸಂಧಿಯ ದೋಷವೂ ಯಂತ್ರದ ತೀರ್ಪೂ

ವಿದ್ಯುತ್ ಸಿಗರೇಟನ್ನು ಕುರಿತ ಚರ್ಚೆ ಎಲ್ಲ ದೇಶಗಳಲ್ಲಿಯೂ ಬಹುಮಟ್ಟಿಗೆ ವೈದ್ಯರ ಮತ್ತು ಶಾಸನಕರ್ತರ ಚರ್ಚೆಯಾಗಿಯೇ ನಡೆದುಬಂದಿದೆ. ಮನುಷ್ಯನನ್ನು ನಿಕೊಟಿನ್ನಿನ ವಶಕ್ಕೆ ಒಪ್ಪಿಸಬಲ್ಲ ವಸ್ತುವಿನ ವಿಷಯದಲ್ಲಿ ಅದು ಹಾಗೆ ನಡೆಯುವುದು ನ್ಯಾಯವೇ. ಕರ್ನಾಟಕವು 2016ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. 2019ರ ಕೇಂದ್ರ ಶಾಸನವು ಉತ್ಪಾದನೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನುಗಳೆಲ್ಲವನ್ನೂ ದೇಶಾದ್ಯಂತ ಅಪರಾಧವೆಂದು ಸಾರಿತು. ಆ ನಿಷೇಧವನ್ನು ಪ್ರಶ್ನಿಸುವ ಉದ್ದೇಶ ಈ ಬರಹಕ್ಕೆ ಲೇಶವೂ ಇಲ್ಲ. ಆದರೆ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ, ಯುರೋಪಿನ ಬಹುಭಾಗದಲ್ಲಿ ನಿಯಂತ್ರಣಕ್ಕೊಳಪಟ್ಟು ಮಾರಾಟವಾಗುತ್ತಿರುವ, ಅಲ್ಲಿ ನೆಲೆಸಿದ ಕನ್ನಡಿಗರ ಕಣ್ಣಿಗೂ ಬೀದಿಬೀದಿಯ ಅಂಗಡಿಗಳಲ್ಲಿ ಬೀಳುವ ಈ ವಸ್ತು ಒಂದು ಯಂತ್ರವೂ ಹೌದು. ಬೆಂಕಿಯಾಗಬಲ್ಲ ಲಿಥಿಯಂ ಬ್ಯಾಟರಿಯನ್ನು ಒಡಲಲ್ಲಿಟ್ಟುಕೊಂಡು ಮುಖದ ಸಮೀಪದಲ್ಲೇ ಕೆಲಸ ಮಾಡುವ ಯಂತ್ರ. ಅದರ ದೋಷಗಳಲ್ಲಿ ಸರ್ವಸಾಮಾನ್ಯವಾದ ಸಂಪರ್ಕದೋಷವನ್ನೂ, ದೋಷವುಂಟಾದಾಗ ಅದು ಬಳಸುವವನೊಡನೆ ಆಡುವ ಮಾತನ್ನೂ, ಆ ಮಾತಿಗೆ ಉತ್ತರವಾಗಿ ರೂಢಿಗೆ ಬಂದಿರುವ ಪರಿಹಾರಗಳನ್ನೂ ಯಂತ್ರವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸಬೇಕೆಂಬುದು ನನ್ನ ಅಭಿಲಾಷೆ.

ಈಗ ನಾವು ಕಾಣುವ ವಿದ್ಯುತ್ ಸಿಗರೇಟಿನ ಮೂಲ ಚೀನಾದ ಔಷಧಶಾಸ್ತ್ರಜ್ಞ ಹಾನ್ ಲಿಕ್ 2003ರ ಸುಮಾರಿಗೆ ರೂಪಿಸಿದ ಉಪಕರಣ. ಆದರೆ ಅದರ ಎರಡು ಅಂಗಗಳನ್ನು, ಎಂದರೆ ಬ್ಯಾಟರಿಯನ್ನೂ ದ್ರವವನ್ನು ಕಾಯಿಸಿ ಆವಿಯಾಗಿಸುವ ಅಟಮೈಸರನ್ನೂ, ಕೂಡಿಸುವ ಸಂಧಿಯ ಚರಿತ್ರೆ ಅನಂತರದ್ದು. ಷೆಂಜೆನ್ ನಗರದ ಜಾಯ್‌ಟೆಕ್ ಸಂಸ್ಥೆಯ 510 ಎಂಬ ಮಾದರಿಯಲ್ಲಿದ್ದ ತಿರುಪು, ಎಂದರೆ ಏಳು ಮಿಲಿಮೀಟರ್ ವ್ಯಾಸದ, ಸುತ್ತಿನಿಂದ ಸುತ್ತಿಗೆ ಅರ್ಧ ಮಿಲಿಮೀಟರ್ ಅಂತರದ ನವುರಾದ ಥ್ರೆಡ್, ಆ ಮಾದರಿ ಮರೆಯಾದ ಮೇಲೂ ಉಳಿದು, ಯಾವ ಮಾನಕ ಸಂಸ್ಥೆಯ ಆದೇಶವೂ ಇಲ್ಲದೆ, ಒಬ್ಬ ತಯಾರಕನನ್ನು ನೋಡಿ ಇನ್ನೊಬ್ಬನು ಅನುಕರಿಸಿದುದರಿಂದಲೇ ಲೋಕವ್ಯಾಪಿಯಾಯಿತು. ಒಬ್ಬನ ಬ್ಯಾಟರಿಯ ಮೇಲೆ ಇನ್ನೊಬ್ಬನ ಟ್ಯಾಂಕು, ಎಂದರೆ ದ್ರವವನ್ನು ತುಂಬಿಟ್ಟ ಅಟಮೈಸರು, ಕೂರುವಂತಾದುದು ಸಾಮಾನ್ಯ ಸಾಧನೆಯಲ್ಲ. ಪ್ರತಿಯೊಂದು ಸಂಸ್ಥೆಯೂ ತನ್ನದೇ ಬೀಗಮುದ್ರೆಯನ್ನು ಒತ್ತಿ ಗ್ರಾಹಕನನ್ನು ಕಟ್ಟಿಹಾಕುವ ಕಾಲದಲ್ಲಿ ಈ ಸಾರ್ವತ್ರಿಕತೆಯನ್ನು ಮೆಚ್ಚದೆ ಇರಲಾಗದು. ಆದರೆ ಅನುಕರಣೆಯಿಂದ ಬಂದ ಮಾನಕದಲ್ಲಿ ಥ್ರೆಡ್ಡಿನ ಅಳತೆ ಮಾತ್ರ ಸ್ಥಿರವಾಯಿತು. ಅದರ ನಡುವಣ ಪಿನ್ನು ಎಷ್ಟು ಎತ್ತರವಿರಬೇಕು, ಎಷ್ಟು ಒತ್ತಡವನ್ನು ತಾಳಬೇಕು ಎಂಬುದು ತಯಾರಕನ ಮರ್ಜಿಗೆ ಉಳಿಯಿತು. ಇಂದು ಕಾಣುವ ಸಂಪರ್ಕದೋಷಗಳಲ್ಲಿ ಬಹುಪಾಲು ಈ ಉಳಿಕೆಯ ಫಲ.

ಸಂಧಿಯ ರಚನೆಯನ್ನು ಸ್ವಲ್ಪ ವಿಚಾರಿಸೋಣ. ಹೊರಗಿನ ಥ್ರೆಡ್ಡು ವಿದ್ಯುತ್ತಿನ ಋಣಮಾರ್ಗ; ನಡುವಣ ಪಿನ್ನು ಧನಮಾರ್ಗ; ಇವೆರಡೂ ಪರಸ್ಪರ ಮುಟ್ಟದಂತೆ ನಡುವೆ ಸಿಲಿಕೋನಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಒಂದು ಅವಾಹಕ ಉಂಗುರ. ಟ್ಯಾಂಕನ್ನು ತಿರುಗಿಸಿ ಕೂರಿಸಿದಾಗ ಅದರ ತಳದ ಪಿನ್ನು ಕೆಳಗಿನ ಪಿನ್ನನ್ನು ಒತ್ತಬೇಕು. ಒತ್ತಿದರೆ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸಿದಲ್ಲಿ, ಸ್ಪ್ರಿಂಗಿಲ್ಲದ ಉಪಕರಣಗಳಲ್ಲಿ, ಮೃದುವಾದ ಉಂಗುರದೊಡನೆ ಕೆಳಗಿನ ಪಿನ್ನು ಕುಸಿಯುತ್ತದೆ. ಆ ಹೊತ್ತಿಗೆ ಏನೂ ತಿಳಿಯುವುದಿಲ್ಲ, ಆದರೆ ಟ್ಯಾಂಕನ್ನು ತೆಗೆದು ಮತ್ತೆ ಕೂರಿಸುವಾಗಲೋ, ಪಿನ್ನು ಕೊಂಚ ಗಿಡ್ಡವಾದ ಬೇರೊಂದು ಟ್ಯಾಂಕನ್ನು ಕೂರಿಸುವಾಗಲೋ ಎರಡು ಪಿನ್ನುಗಳ ನಡುವೆ ಕೂದಲೆಳೆಯಷ್ಟು ಅಂತರ ಉಳಿದು ಯಂತ್ರ ಮೌನವಾಗುತ್ತದೆ. ಇದಲ್ಲದೆ ಟ್ಯಾಂಕಿನ ತಳದಿಂದ ಜಿನುಗಿದ, ಇಲ್ಲವೆ ಆವಿಯಿಂದ ಹನಿಗಟ್ಟಿ ಇಳಿದ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲಿನ ಅಂಟು ಪಿನ್ನಿನ ಮೇಲೆ ಪೊರೆಗಟ್ಟುವುದೂ ಉಂಟು.

ಮೊದಲ ಕಾಲದ ಉಪಕರಣಗಳಿಗೆ ಈ ಸಂಧಿ ಸಾಕಾಗಿತ್ತೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಿಕೊಳ್ಳಬೇಕು. ಆಗಿನ ಕಾಯಿಲುಗಳ, ಎಂದರೆ ದ್ರವವನ್ನು ಕಾಯಿಸುವ ತಂತಿಸುರುಳಿಗಳ, ವಿದ್ಯುತ್ ರೋಧ ಎರಡು ಓಮಿನ ಆಸುಪಾಸಿನದು. ಸಂಧಿಯಲ್ಲಿನ ಕೊಳೆ 0.05 ಓಮಿನಷ್ಟು ರೋಧವನ್ನು ಹೆಚ್ಚಿಗೆ ಸೇರಿಸಿತೆನ್ನಿ, 1.8 ಓಮಿನ ಕಾಯಿಲಿಗೆ ಅದು ನೂರರಲ್ಲಿ ಮೂರು ಪಾಲೂ ಆಗದು. ದಟ್ಟವಾದ ಆವಿಗಾಗಿ ಕಾಯಿಲಿನ ರೋಧವನ್ನು 0.2 ಓಮಿಗೆ ಇಳಿಸಿದ ಮೇಲೆ ಅದೇ ಕೊಳೆ ಕಾಯಿಲಿನ ಕಾಲುಭಾಗಕ್ಕೆ ಸಮವಾಯಿತು. 2014ರಲ್ಲಿ ಅಮೆರಿಕದ ಒಹಾಯೊ ಪ್ರಾಂತದ ಇವಾಲ್ವ್ ಸಂಸ್ಥೆ ಡಿಎನ್ಎ 40 ಎಂಬ ಸರ್ಕ್ಯೂಟನ್ನು ಹೊರತಂದು, ನಿಕ್ಕಲ್ ತಂತಿಯ ರೋಧವು ಶಾಖದೊಡನೆ ಏರುವುದನ್ನು ಅಳೆದು ಕಾಯಿಲಿನ ಉಷ್ಣತೆಯನ್ನು ನಿಯಂತ್ರಿಸುವ ವಿಧಾನವನ್ನು ರೂಢಿಗೆ ತಂದಿತು; ಯೋಚನೆ ಸುಂದರವಾದದ್ದು, ದ್ರವ ತೀರಿ, ಅದನ್ನು ಹೀರಿ ಕಾಯಿಲಿಗೆ ಒದಗಿಸುವ ಹತ್ತಿ ಸುಡುವ ಮುನ್ನವೇ ಯಂತ್ರ ತಾನಾಗಿ ತಡೆಯುತ್ತದೆ. ಆದರೆ ನಿಕ್ಕಲಿನ ರೋಧ ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲಿ ಆರು ಪಾಲು ಏರುವಂಥದು, 0.1 ಓಮಿನ ಕಾಯಿಲಿನಲ್ಲಿ ಸಂಧಿಯೊಂದು 0.01 ಓಮಿನಷ್ಟು ಅಲುಗಿದರೆ ಯಂತ್ರ ಅದನ್ನು ಹದಿನೇಳು ಡಿಗ್ರಿಗಳ ಉಷ್ಣತಾಭೇದವೆಂದು ಓದಿಕೊಳ್ಳುತ್ತದೆ. ಹೀಗೆ ಭಾರ ಹೊರುವುದು, ವಿದ್ಯುತ್ತನ್ನು ಸಾಗಿಸುವುದು, ಸೂಕ್ಷ್ಮವಾದ ಅಳತೆಗೆ ಸಾಕ್ಷಿಯಾಗುವುದು ಎಂಬ ಮೂರು ಕಾರ್ಯಗಳು ಒಂದೇ ಅಗ್ಗದ ತಿರುಪಿನ ಮೇಲೆ ಬಿದ್ದುವು. ಬೆಳೆದದ್ದು ಸರ್ಕ್ಯೂಟಿನ ಜಾಣ್ಮೆ. ಸಂಧಿ ನಿಂತಲ್ಲೇ ನಿಂತಿತು. ಈ ಯಂತ್ರದ ರಚನೆಯಲ್ಲಿ ನಾನು ಕಾಣುವ ಮೊದಲನೆಯ ಮೂಲದೋಷ ಇದು.

ಎರಡನೆಯದು ಯಂತ್ರದ ಮಾತಿಗೆ ಸಂಬಂಧಿಸಿದ್ದು, ಮತ್ತು ನನ್ನ ಎಣಿಕೆಯಲ್ಲಿ ಹೆಚ್ಚು ಗುರುತರವಾದದ್ದು. ಟ್ಯಾಂಕು ಕಣ್ಣೆದುರಿಗೇ ಕೂತಿರುವಾಗ ಪರದೆಯ ಮೇಲೆ ‘ನೋ ಅಟಮೈಸರ್’ ಎಂದು ಮೂಡುತ್ತದೆ. ಇಲ್ಲವೆ ‘ಚೆಕ್ ಅಟಮೈಸರ್’, ‘ಅಟಮೈಸರ್ ಶಾರ್ಟ್’, ‘ಅಟಮೈಸರ್ ಲೋ’. ಈ ನಾಲ್ಕೂ ತೀರ್ಪುಗಳು, ಒಂದರಲ್ಲಿಯೂ ಸಾಕ್ಷ್ಯವಿಲ್ಲ. ಯಂತ್ರ ವಸ್ತುತಃ ತಿಳಿದಿರುವುದು ಒಂದೇ ಒಂದು ಸಂಖ್ಯೆಯನ್ನು, ತನ್ನೆರಡು ತುದಿಗಳ ನಡುವಣ ರೋಧವನ್ನು. ಆ ಸಂಖ್ಯೆ ತನ್ನ ಮೇಲಿನ ಮಿತಿಯನ್ನು ದಾಟಿತೆಂದೋ ಕೆಳಗಿನ ಮಿತಿಗಿಂತ ಇಳಿಯಿತೆಂದೋ ಅದು ಬಲ್ಲದೇ ಹೊರತು ಟ್ಯಾಂಕು ಇದೆಯೋ ಇಲ್ಲವೋ ಎಂಬುದನ್ನಲ್ಲ. ನಾಡಿಯನ್ನು ಹಿಡಿದು ನೋಡಿದ ವೈದ್ಯನು ತಾನು ಎಣಿಸಿದ ಬಡಿತವನ್ನು ಮುಚ್ಚಿಟ್ಟು ರೋಗದ ಹೆಸರನ್ನು ಮಾತ್ರ ಹೇಳಿ ಎದ್ದುಹೋದಂತೆ, ಅದು ಅಳತೆಯನ್ನು ಮರೆಮಾಡಿ ನಿರ್ಣಯವನ್ನಷ್ಟೇ ಕೊಡುತ್ತದೆ. ಬಳಸುವವನು ಪಡೆಯಬೇಕಾದ ಅರಿವು ಮಾತ್ರ ಆ ಸಂಖ್ಯೆಯಲ್ಲಿದೆ. ರೋಧ ಮಿತಿಮೀರಿ ಹೆಚ್ಚಿದ್ದರೆ ಮಂಡಲ ಎಲ್ಲೋ ತುಂಡಾಗಿದೆ: ಪಿನ್ನು ಕುಸಿದಿರಬಹುದು, ಕೊಳೆ ಕಟ್ಟಿರಬಹುದು, ಕಾಯಿಲಿನ ಕಾಲನ್ನು ಹಿಡಿದ ತಿರುಪು ಸಡಿಲಿರಬಹುದು, ತಂತಿಯೇ ಸುಟ್ಟು ಕಡಿದಿರಬಹುದು. ಕಡಮೆಯಿದ್ದರೆ ವಿದ್ಯುತ್ತು ಕಾಯಿಲನ್ನು ಬಿಟ್ಟು ಅಡ್ಡದಾರಿ ಹಿಡಿದಿದೆ, ಎಂದರೆ ಶಾರ್ಟ್ ಆಗಿದೆ: ತಂತಿಯ ಕಾಲು ಲೋಹದ ಗೋಡೆಯನ್ನು ಮುಟ್ಟಿರಬಹುದು, ಅವಾಹಕ ಉಂಗುರ ಹರಿದಿರಬಹುದು. ಸಂಖ್ಯೆ ಕ್ಷಣಕ್ಷಣಕ್ಕೂ ಓಲಾಡುತ್ತಿದ್ದರೆ ಸಂಧಿಯೋ ತಿರುಪೋ ಸಡಿಲವೆಂಬುದು ಬಹುಮಟ್ಟಿಗೆ ನಿಶ್ಚಯ. ಪರದೆಯಿಲ್ಲದ ಸಣ್ಣ ಬ್ಯಾಟರಿಗಳ ಸ್ಥಿತಿ ಇನ್ನೂ ಶೋಚನೀಯ. ಅಲ್ಲಿ ಒಂದು ದೀಪದ ಮಿಣುಕೇ ಸಕಲ ದೋಷಗಳ ಭಾಷೆ, ಮಿಣುಕಿನ ಎಣಿಕೆಯ ಅರ್ಥವಾದರೋ ತಯಾರಕನಿಂದ ತಯಾರಕನಿಗೆ ಬೇರೆ.

ಈ ವಿಷಯದಲ್ಲಿ ಇವಾಲ್ವ್ ಸಂಸ್ಥೆಯ ಸರ್ಕ್ಯೂಟುಗಳಿಗೆ ಪ್ರಶಂಸೆ ಸಲ್ಲಬೇಕು. ರೋಧ ಹೆಚ್ಚಾಗಿದೆಯೆಂಬುದನ್ನು ಬೇರೆಯಾಗಿ, ಕಡಮೆಯಾಗಿದೆಯೆಂಬುದನ್ನು ಬೇರೆಯಾಗಿ, ಬ್ಯಾಟರಿ ದುರ್ಬಲವಾಗಿದೆಯೆಂಬುದನ್ನು ಮತ್ತೂ ಬೇರೆಯಾಗಿ ಅವು ತಿಳಿಸುತ್ತವೆ. ಈ ಕೊನೆಯ ಭೇದ ಮುಖ್ಯವಾದದ್ದು. ಏಕೆಂದರೆ ಹಳೆಯದಾದ ಬ್ಯಾಟರಿ ಸುಮ್ಮನಿರುವಾಗ ಅರ್ಧ ತುಂಬಿದಂತೆ ಕಂಡು, 20 ಆಂಪಿಯರ್ ಎಳೆದ ಕೂಡಲೇ ತನ್ನೊಳಗಣ 0.05 ಓಮಿನ ರೋಧದಿಂದಲೇ ಒಂದು ವೋಲ್ಟನ್ನು ಕಳೆದುಕೊಂಡು ಕುಸಿಯುವುದುಂಟು, ಮತ್ತು ಅಂಥ ಸಂದರ್ಭದಲ್ಲಿ ಸಂಧಿಯನ್ನು ಎಷ್ಟು ಒರಸಿದರೂ ವ್ಯರ್ಥ. ಹೊಸ ಟ್ಯಾಂಕನ್ನು ಕೂರಿಸಿದಾಗ ‘ಇದು ಹೊಸ ಕಾಯಿಲೇ?’ ಎಂದು ಕೇಳುವ ಕ್ರಮವೂ ಶ್ಲಾಘ್ಯವೇ, ಆದರೆ ಆ ಪ್ರಶ್ನೆಗೆ ಉತ್ತರಿಸುವವನಿಗೆ ಪ್ರಶ್ನೆಯ ಮರ್ಮ ತಿಳಿದಿರಬೇಕು. ಕಾಯಿಲು ಇನ್ನೂ 60 ಡಿಗ್ರಿಯಷ್ಟು ಬಿಸಿಯಿರುವಾಗ ಹೌದೆಂದು ಒತ್ತಿದರೆ ಯಂತ್ರ ಆ ಬಿಸಿಯ ರೋಧವನ್ನೇ ಕೊಠಡಿಯ ತಂಪಿನ ರೋಧವೆಂದು ನಂಬಿ, 220 ಡಿಗ್ರಿಗೆ ನಿಲ್ಲಿಸಬೇಕಾದದ್ದನ್ನು ಲೆಕ್ಕದ ಪ್ರಕಾರ 300ನ್ನು ಮೀರಗೊಡಬಹುದು. ಮೊದಲು ತಣಿಯಲಿ ಎಂಬೊಂದು ಮಾತನ್ನು ಪ್ರಶ್ನೆಯ ಜೊತೆಗೇ ಮೂಡಿಸಿದ್ದರೆ ಈ ಅನರ್ಥಕ್ಕೆ ಅವಕಾಶವಿರುತ್ತಿರಲಿಲ್ಲ.

ಇನ್ನು ರೂಢಿಯ ಪರಿಹಾರಗಳು. ಅಂಗಡಿಯವರೂ ಬಳಕೆದಾರರೂ ಒಬ್ಬರಿಗೊಬ್ಬರು ಹೇಳಿಕೊಡುವುದು ನಾಲ್ಕೈದು ಉಪಾಯಗಳು: ಬಿಗಿಮಾಡು, ಒರಸು, ಪಿನ್ನೆತ್ತು, ಕಾಯಿಲು ಬದಲಿಸು. ಒಂದೊಂದೂ ಒಂದಲ್ಲ ಒಂದು ದೋಷಕ್ಕೆ ಮದ್ದೇ. ಆಕ್ಷೇಪವಿರುವುದು ಇವುಗಳ ಅನುಕ್ರಮದ ಬಗೆಗೆ. ಬಿಗಿಮಾಡುವುದನ್ನು ಮೊದಲು ಹೇಳುವುದು ರೋಗಕ್ಕೆ ಕಾರಣವಾದದ್ದನ್ನೇ ಚಿಕಿತ್ಸೆಯಾಗಿ ವಿಧಿಸಿದಂತೆ. ಕುಸಿದ ಪಿನ್ನು ಇನ್ನೂ ಕುಸಿಯುತ್ತದೆ. ನನಗೆ ಸಾಧುವೆಂದು ತೋರುವ ಕ್ರಮ ಬೇರೆ. ಮೊದಲು ಯಂತ್ರವನ್ನು ಆರಿಸಿ, ತೆಗೆಯಬಹುದಾದ ಬ್ಯಾಟರಿಯಾದರೆ ತೆಗೆದಿಟ್ಟು, ಟ್ಯಾಂಕನ್ನು ಬಿಚ್ಚಿ ಎರಡು ಮುಖಗಳನ್ನೂ ಬೆಳಕಿನಲ್ಲಿ ನೋಡಬೇಕು. ಒಣ ಹತ್ತಿಕಡ್ಡಿಯಿಂದಲೂ ಅನಂತರ ಸ್ಪಿರಿಟಿನಲ್ಲಿ ಕೊಂಚವೇ ಅದ್ದಿದ ಹತ್ತಿಯಿಂದಲೂ ಒರಸಿ ಆರಲು ಬಿಡಬೇಕು. ಮತ್ತೆ ಕೂರಿಸುವಾಗ ಬೆರಳಿಗೆ ತಡೆ ಸಿಕ್ಕಿದಲ್ಲಿಗೆ ನಿಲ್ಲಿಸಿ ಓಮಿನ ಸಂಖ್ಯೆಯನ್ನು ಓದಬೇಕು. ಅಲ್ಲಿಗೂ ಸರಿಹೋಗದಿದ್ದರೆ ಆ ಟ್ಯಾಂಕನ್ನು ಬೇರೊಂದು ಬ್ಯಾಟರಿಯ ಮೇಲೆ, ಆ ಬ್ಯಾಟರಿಯನ್ನು ಬೇರೊಂದು ಟ್ಯಾಂಕಿನೊಡನೆ ಕೂಡಿಸಿ ನೋಡುವುದರಿಂದ ದೋಷ ಎತ್ತ ಕಡೆಯದೆಂಬುದು ನಿಸ್ಸಂದಿಗ್ಧವಾಗುತ್ತದೆ. ಸಾರ್ವತ್ರಿಕ ಸಂಧಿಯ ನಿಜವಾದ ಉಪಕಾರ ಇಲ್ಲಿ ಒದಗುತ್ತದೆ, ಸೋಜಿಗವೆಂದರೆ ಈ ಪರೀಕ್ಷೆಯನ್ನು ಸೂಚಿಸುವವರೇ ಕಡಮೆ. ಪಿನ್ನನ್ನು ಎತ್ತುವುದು ಕೊನೆಯ ಉಪಾಯ, ಅದೂ ಸ್ಪ್ರಿಂಗಿಲ್ಲದ ಪಿನ್ನಿಗೆ ಮಾತ್ರ, ಅದೂ ಮರದ ಹಲ್ಲುಕಡ್ಡಿಯಿಂದ. ಪಿನ್ನಿಗೂ ಥ್ರೆಡ್ಡಿಗೂ ನಡುವೆ ಒಂದೆರಡು ಮಿಲಿಮೀಟರಿನ ಅಂತರವಷ್ಟೇ ಇರುವಲ್ಲಿ ಸೂಜಿಯನ್ನೋ ಚಾಕುವಿನ ಮೊನೆಯನ್ನೋ ತೂರಿಸುವುದು ಇಲ್ಲದ ಶಾರ್ಟನ್ನು ಕೈಯಾರೆ ಉಂಟುಮಾಡಿದ ಹಾಗೆ.

ಶಾರ್ಟ್ ಎಂಬ ಸೂಚನೆಯ ವಿಷಯದಲ್ಲಿ ಮಾತ್ರ ಯಾವ ಹಟವೂ ಸಲ್ಲದು. ಗುಂಡಿಯನ್ನು ಮತ್ತೆಮತ್ತೆ ಒತ್ತಿ ಯಂತ್ರವನ್ನು ಒಲಿಸಿಕೊಳ್ಳಲು ಯತ್ನಿಸುವವರು, ಆ ಸೂಚನೆ ತಮ್ಮ ಮತ್ತು ಬ್ಯಾಟರಿಯ ನಡುವೆ ನಿಂತ ಕಾವಲೆಂಬುದನ್ನು ಮರೆಯುತ್ತಾರೆ. ಸರ್ಕ್ಯೂಟೇ ಇಲ್ಲದ, ಬ್ಯಾಟರಿಯ ತುದಿಗೆ ಅಟಮೈಸರಿನ ಪಿನ್ನನ್ನು ನೇರವಾಗಿ ಮುಟ್ಟಿಸುವ ಯಾಂತ್ರಿಕ ಕೊಳವೆಗಳಲ್ಲಿ ಈ ಕಾವಲಿಲ್ಲ. ಪಿನ್ನು ಥ್ರೆಡ್ಡಿನ ಅಂಚನ್ನು ಮೀರಿ ಚಾಚಿರದಿದ್ದರೆ ಅಂಚೇ ಬ್ಯಾಟರಿಯ ಧನತುದಿಯನ್ನು ಮುಟ್ಟಿ ಪೂರ್ಣ ಶಾರ್ಟ್ ಸಂಭವಿಸುತ್ತದೆ. ತುಂಬಿದ ಬ್ಯಾಟರಿಯ 4.2 ವೋಲ್ಟು 0.1 ಓಮಿನ ಕಾಯಿಲಿನಲ್ಲಿಯೇ 42 ಆಂಪಿಯರುಗಳನ್ನು ಹರಿಸುತ್ತದೆ. 18650 ಗಾತ್ರದ ಉತ್ತಮ ಬ್ಯಾಟರಿಗಳ ತಾಳಿಕೆ ಸಾಮಾನ್ಯವಾಗಿ 20ರಿಂದ 30 ಆಂಪಿಯರು. ಶಾರ್ಟಿನಲ್ಲಿ ಏನಾದೀತೆಂಬುದನ್ನು ಇದರಿಂದಲೇ ಊಹಿಸಬಹುದು. ಅಮೆರಿಕದ ಅಗ್ನಿಶಾಮಕ ಆಡಳಿತದ 2017ರ ವರದಿ 2009ರಿಂದ 2016ರವರೆಗೆ ಸುದ್ದಿಗೆ ಬಂದ 195 ಬೆಂಕಿ ಮತ್ತು ಸ್ಫೋಟಗಳನ್ನು ಎಣಿಸಿದೆ. ಅವೆಲ್ಲ ಸಂಧಿಯ ದೋಷದಿಂದ ಆದುವೆಂದು ಹೇಳಲಾಗದು, ಹಲವು ಜೇಬಿನಲ್ಲಿಯೂ ಹಲವು ಚಾರ್ಜಿನ ವೇಳೆಯಲ್ಲಿಯೂ ನಡೆದವು. ಆದರೆ ಈ ಯಂತ್ರದೊಡನೆ ಸಲಿಗೆಯಿಂದ ವರ್ತಿಸಲಾಗದೆಂಬುದಕ್ಕೆ ಅಷ್ಟು ಸಾಕು.

ಇನ್ನು ಶಾಸನದ ಕಡೆಗೆ ನೋಡಿದರೆ, 2016ರ ಮೇ 20ರಿಂದ ಜಾರಿಗೆ ಬಂದ ಯುರೋಪಿಯನ್ ನಿರ್ದೇಶನವು ಟ್ಯಾಂಕಿನ ಗಾತ್ರವನ್ನು 2 ಮಿಲಿಲೀಟರಿಗೂ, ನಿಕೊಟಿನ್ನಿನ ಪ್ರಮಾಣವನ್ನು ಮಿಲಿಲೀಟರಿಗೆ 20 ಮಿಲಿಗ್ರಾಮಿಗೂ ಮಿತಿಗೊಳಿಸಿ, ಬಳಕೆಯ ಸೂಚನೆಗಳುಳ್ಳ ಪತ್ರವನ್ನು ಪ್ರತಿ ಪೊಟ್ಟಣದಲ್ಲಿಡಲು ವಿಧಿಸಿತು. ಆ ಪತ್ರದಲ್ಲಿ ವಿಷ ಮತ್ತು ವ್ಯಸನದ ಎಚ್ಚರಿಕೆ ಕಡ್ಡಾಯ. ದೋಷಸೂಚನೆಗಳ ವಿವರಣೆ ತಯಾರಕನ ಸೌಜನ್ಯಕ್ಕೆ ಬಿಟ್ಟದ್ದು.

ಈ ನಡುವೆ ಸಂಧಿಯ ರೂಪವೂ ಬದಲಾಯಿತು. ತಿರುಪನ್ನೇ ಕೈಬಿಟ್ಟು, ಅಯಸ್ಕಾಂತದ ಸೆಳೆತದಿಂದ ಚಪ್ಪಟೆ ಬಿಂದುಗಳ ಮೇಲೆ ಕೂರುವ ಪಾಡುಗಳು, ಎಂದರೆ ದ್ರವವನ್ನೂ ಕಾಯಿಲನ್ನೂ ಒಳಗೊಂಡ ಪುಟ್ಟ ಕೋಶಗಳು, ಬಂದಮೇಲೆ ಅತಿಬಿಗಿತದ ದೋಷ ಸಹಜವಾಗಿಯೇ ಅಳಿಯಿತು. ಅಂಟಿನ ದೋಷ ಉಳಿಯಿತು. ಬಳಸಿ ಎಸೆಯುವ ಉಪಕರಣಗಳಲ್ಲಿ ಎಲ್ಲವನ್ನೂ ಬೆಸುಗೆ ಹಾಕಿಬಿಟ್ಟುದರಿಂದ ಸಂಧಿಯ ದೋಷವನ್ನು ಹುಡುಕುವ ಪ್ರಸಂಗವೇ ಇಲ್ಲವಾಯಿತು, ಆದರೆ ಎಂಥ ಬೆಲೆಗೆ! 2023ರ ಒಂದು ಅಂದಾಜಿನಂತೆ ಬ್ರಿಟನ್ನೊಂದರಲ್ಲಿಯೇ ವಾರಕ್ಕೆ ಐವತ್ತು ಲಕ್ಷ ಅಂಥ ಉಪಕರಣಗಳು, ಒಂದೊಂದೂ ಒಂದು ಲಿಥಿಯಂ ಬ್ಯಾಟರಿಯೊಡನೆ, ಕಸಕ್ಕೆ ಬೀಳುತ್ತಿದ್ದುವು. 2025ರ ಜೂನ್ 1ರಿಂದ ಅಲ್ಲಿ ಅವುಗಳ ಮಾರಾಟ ನಿಷಿದ್ಧವಾಗಿದೆ. ಅವುಗಳ ಜಾಗಕ್ಕೆ ಬಂದಿರುವುದು ಚಾರ್ಜು ಮಾಡಿ ಪಾಡನ್ನು ಬದಲಿಸಬಹುದಾದ ಉಪಕರಣಗಳು. ಎಂದಮೇಲೆ ಸಂಧಿ ಮತ್ತೆ ಬಳಸುವವನ ಕೈಗೆ ಮರಳಿದೆ, ಅದರೊಡನೆ ಅದರ ದೋಷವೂ. ಮತ್ತು ಅಗ್ಗದ ಮಾದರಿಗಳಲ್ಲಿ ಆ ದೋಷವನ್ನು ಸಾರಲು ಇಂದಿಗೂ ಇರುವುದು ಆ ಹಳೆಯ ಮಿಣುಕುದೀಪವೇ. ಪರದೆಯುಳ್ಳ ಉಪಕರಣವಾದರೆ ಅಳೆದ ಓಮಿನ ಸಂಖ್ಯೆಯನ್ನೂ ಅದು ಮೀರಿದ ಮಿತಿಯನ್ನೂ ಒಟ್ಟಿಗೆ ತೋರಿಸುವುದು, ದೀಪವಷ್ಟೇ ಉಳ್ಳದ್ದಾದರೆ ಮಿಣುಕುಗಳ ಅರ್ಥವನ್ನು ಎಲ್ಲ ತಯಾರಕರೂ ಏಕರೂಪಗೊಳಿಸಿ ಉಪಕರಣದ ಮೈಮೇಲೆಯೇ ಅಚ್ಚೊತ್ತುವುದು, ಇವೆರಡನ್ನು ಶಾಸನದಲ್ಲಿ ವಿಧಿಸುವುದಕ್ಕೆ ಹೊಸ ಯಂತ್ರವಿದ್ಯೆಯೇನೂ ಬೇಕಿಲ್ಲ. ಆ ಸಂಖ್ಯೆ ಸರ್ಕ್ಯೂಟಿನೊಳಗೆ ಈಗಾಗಲೇ ಇದೆ.